ಎರಡು ನಾಲ್ಕಲಿ ಎಂಟು ಅಂತ ದೇವರೇ ತೀರ್ಮಾನಿಸಿದ್ದಾ?

1630ರ ಏಪ್ರಿಲ್ 15ರಂದು ಫ್ರಾನ್ಸಿನ ತತ್ವಜ್ಞಾನಿ ರೆನೆ ಡೆಕಾರ್ಟ್ ಆಮ್‌ಸ್ಟರ್‌ಡ್ಯಾಮ್‌ನಿಂದ ಪ್ಯಾರಿಸ್‌ಗೆ ಒಂದು ಪತ್ರ ಬರೆದ. ಪತ್ರ ಹೋದದ್ದು ಮರ್ಸೆನ್ ಎಂಬ ಕ್ರೈಸ್ತ ಸನ್ಯಾಸಿಗೆ. ಆ ಕಾಲದ ಯುರೋಪಿನ ಗಣಿತಜ್ಞರು, ಚಿಂತಕರು ಈ ಮರ್ಸೆನ್ ಮೂಲಕವೇ ಒಬ್ಬರಿಗೊಬ್ಬರು ಸುದ್ದಿ ಮುಟ್ಟಿಸುತ್ತಿದ್ದರು. ಆ ಪತ್ರದ ನಡುವೆ ಒಂದು ಮಾತು ಬರುತ್ತದೆ. ನೀವು ಶಾಶ್ವತ ಅಂತ ಕರೆಯುವ ಗಣಿತದ ಸತ್ಯಗಳನ್ನೂ ದೇವರೇ ಸ್ಥಾಪಿಸಿದ್ದು, ರಾಜ ತನ್ನ ರಾಜ್ಯದಲ್ಲಿ ಕಾನೂನು ಮಾಡುವ ಹಾಗೆ. ಉಳಿದ ಸೃಷ್ಟಿ ಹೇಗೆ ಅವನನ್ನು ನೆಚ್ಚಿಕೊಂಡಿದೆಯೋ ಈ ಸತ್ಯಗಳೂ ಹಾಗೇ, ಪೂರ್ತಿಯಾಗಿ.

ಮೊದಲ ಓದಿಗೆ ಇದು ಸುಮ್ನೆ ಭಕ್ತಿಯ ಮಾತು ಅನ್ನಿಸುತ್ತದೆ. ಎಲ್ಲವನ್ನೂ ದೇವರು ಮಾಡಿದ ಅಂದಮೇಲೆ ಗಣಿತವನ್ನೂ ಅವನೇ ಮಾಡಿದ, ಇದರಲ್ಲೇನು ವಿಶೇಷ? ಆದರೆ ಡೆಕಾರ್ಟ್ ಮುಂದಿನ ತಿಂಗಳು, ಮೇ 27ರ ಪತ್ರದಲ್ಲಿ, ಇದನ್ನು ಎಲ್ಲಿಯವರೆಗೆ ಎಳೆಯುತ್ತಾನೆ ನೋಡಿ. ಕೇಂದ್ರದಿಂದ ವೃತ್ತದ ಅಂಚಿಗೆ ಎಳೆದ ಗೆರೆಗಳೆಲ್ಲ ಸಮ ಅನ್ನುವುದನ್ನು ಸುಳ್ಳಾಗಿಸುವ ಸ್ವಾತಂತ್ರ್ಯವೂ ದೇವರಿಗೆ ಇತ್ತು, ಈ ಜಗತ್ತನ್ನು ಸೃಷ್ಟಿಸದೇ ಇರುವ ಸ್ವಾತಂತ್ರ್ಯ ಎಷ್ಟಿತ್ತೋ ಅಷ್ಟೇ ಇತ್ತು ಅನ್ನುತ್ತಾನೆ. 1641ರಲ್ಲಿ ತನ್ನ ಮುಖ್ಯ ಕೃತಿಗೆ ಬಂದ ಆಕ್ಷೇಪಣೆಗಳಿಗೆ ಉತ್ತರ ಕೊಡುವಾಗ ಇನ್ನೂ ನೇರವಾಗಿ, ಎರಡು ನಾಲ್ಕಲಿ ಎಂಟು ಅನ್ನುವುದು ನಿಜವಾಗದ ಹಾಗೆ ದೇವರು ಮಾಡಬಹುದಿತ್ತು, ಅದು ಹೇಗೆ ಅಂತ ನಮಗೆ ತಿಳಿಯುವುದಿಲ್ಲ ಅಷ್ಟೇ ಅಂದ.

ಈ ಮಾತು ಯಾಕೆ ಅಷ್ಟು ದೊಡ್ಡದು ಅಂತ ತಿಳಿಯಬೇಕಾದರೆ ಅಲ್ಲಿಯವರೆಗೆ ಕ್ರೈಸ್ತ ವಿದ್ವಾಂಸರು ಏನು ಹೇಳುತ್ತಿದ್ದರು ಅಂತ ನೋಡಬೇಕು. ಅವರ ಸಾಮಾನ್ಯ ಅಭಿಪ್ರಾಯದ ಪ್ರಕಾರ ಗಣಿತದ ಸತ್ಯಗಳು ದೇವರ ಅರಿವಿನಲ್ಲಿ ಇವೆ, ಅವನ ಇಚ್ಛೆಯಿಂದ ಹುಟ್ಟಿದವಲ್ಲ. ದೇವರು ಅವನ್ನು ಕಾಣುತ್ತಾನೆ, ಮಾಡುವುದಿಲ್ಲ. ಸ್ಪೇನಿನ ಜೆಸ್ವಿಟ್ (ಒಂದು ಕ್ರೈಸ್ತ ಸನ್ಯಾಸಿ ಪಂಗಡ) ಪಂಡಿತ ಸ್ವಾರೆಸ್ 1597ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥದಲ್ಲಿ, ಇಂಥ ಸತ್ಯಗಳು ದೇವರಿಗೆ ತಿಳಿದಿವೆ ಅನ್ನುವ ಕಾರಣಕ್ಕೆ ಸತ್ಯವಾಗಿಲ್ಲ, ಸತ್ಯವಾಗಿರುವುದರಿಂದಲೇ ದೇವರಿಗೆ ತಿಳಿದಿವೆ ಎಂದು ಬರೆದಿದ್ದ. ಡೆಕಾರ್ಟ್ ಓದಿದ್ದು ಜೆಸ್ವಿಟರ ಶಾಲೆಯಲ್ಲಿ. ಅವನು ತಿರುಗಿ ಬಿದ್ದದ್ದು ಈ ಮಾತಿಗೇ. ಸತ್ಯಗಳು ದೇವರನ್ನು ಕೇಳದೆ ತಮ್ಮಷ್ಟಕ್ಕೆ ನಿಂತಿವೆ ಅಂದರೆ, ದೇವರನ್ನು ಗ್ರೀಕರ ರೋಮನರ ಜೂಪಿಟರ್, ಸ್ಯಾಟರ್ನ್‌ಗಳ ಮಟ್ಟಕ್ಕೆ ಇಳಿಸಿ ವಿಧಿಯ ಕೈಕೆಳಗೆ ಕೂರಿಸಿದ ಹಾಗೆ ಆಗುತ್ತದೆ ಅನ್ನುವುದು ಅವನ ಆಕ್ಷೇಪ.

ಇಲ್ಲಿ ಎರಡು ದಾರಿ ಕಾಣುತ್ತವೆ. ಒಂದು ದಾರಿಯಲ್ಲಿ ದೇವರ ಇಚ್ಛೆ ಮೊದಲು, ಸತ್ಯವೂ ಒಳ್ಳೆಯದೂ ಅದರ ಹಿಂದೆ ಬರುತ್ತವೆ. ಇನ್ನೊಂದರಲ್ಲಿ ದೇವರ ಅರಿವು ಮೊದಲು, ಇಚ್ಛೆ ಅದನ್ನು ನೋಡಿಕೊಂಡು ನಡೆಯುತ್ತದೆ. ಕೇಳುವುದಕ್ಕೆ ಒಣ ಜಿಜ್ಞಾಸೆ. ಆದರೆ ಮುಂದಿನ ಸುಮಾರು ತೊಂಬತ್ತು ವರ್ಷ ಯುರೋಪಿನ ಅತಿ ಚುರುಕು ತಲೆಗಳು ಮಳೆ ಯಾಕೆ ಸಮುದ್ರಕ್ಕೆ ಬೀಳುತ್ತದೆ, ಮಕ್ಕಳು ಯಾಕೆ ಅಂಗವಿಕಲರಾಗಿ ಹುಟ್ಟುತ್ತಾರೆ, ಗ್ರಹಗಳು ದಾರಿ ತಪ್ಪಿದರೆ ಸರಿ ಮಾಡುವವರು ಯಾರು ಅಂತ ಜಗಳ ಆಡಿದಾಗಲೆಲ್ಲ ಕೆಳಗೆ ಇದ್ದದ್ದು ಇದೇ ಪ್ರಶ್ನೆ. ದೇವರು ಇದ್ದಾನೋ ಇಲ್ಲವೋ ಅನ್ನುವುದು ಅವರ ಚರ್ಚೆಯೇ ಆಗಿರಲಿಲ್ಲ. ಎಂಥ ದೇವರು ಪೂಜೆಗೆ ಅರ್ಹ ಅನ್ನುವುದು ಅವರ ಚರ್ಚೆ.

ಡೆಕಾರ್ಟ್‌ಗೆ ಈ ನಿಲುವಿನಿಂದ ಒಂದು ಲಾಭವೂ ಇತ್ತು. ದೇವರ ಉದ್ದೇಶ ನಮ್ಮ ಅಳತೆಗೆ ಸಿಗುವಂಥದ್ದಲ್ಲ ಅಂತಾದರೆ, ಇದು ಯಾವ ಉದ್ದೇಶಕ್ಕೆ ಹೀಗಿದೆ ಅಂತ ಕೇಳುತ್ತಾ ಕೂರುವುದನ್ನು ಭೌತಶಾಸ್ತ್ರ ಬಿಟ್ಟುಬಿಡಬಹುದು. ಹೇಗೆ ನಡೆಯುತ್ತದೆ ಅಂತ ಮಾತ್ರ ನೋಡಿದರೆ ಸಾಕು. 1644ರಲ್ಲಿ ಅವನು ಜಗತ್ತಿನಲ್ಲಿರುವ ಚಲನೆಯ ಒಟ್ಟು ಮೊತ್ತ ಎಂದಿಗೂ ಬದಲಾಗದು ಅನ್ನುವ ನಿಯಮ ಕೊಟ್ಟ. ಅದಕ್ಕೆ ಅವನ ಆಧಾರ ಪ್ರಯೋಗವಲ್ಲ, ದೇವರು ಬದಲಾಗುವವನಲ್ಲ ಅನ್ನುವ ನಂಬಿಕೆ. (ಆ ಮೊತ್ತವನ್ನು ಅವನು ಲೆಕ್ಕ ಹಾಕಿದ ರೀತಿ ತಪ್ಪು ಅಂತ 1686ರಲ್ಲಿ ಜರ್ಮನಿಯ ತತ್ವಜ್ಞಾನಿ, ಗಣಿತಜ್ಞ ಲೈಬ್ನಿಟ್ಸ್ ತೋರಿಸಿದ. ಅವನಿಗೂ ದೇವರ ವಿವೇಕ ಬೇಕೇ ಬೇಕಿತ್ತು, ಅದು ಬೇರೆ ಮಾತು.)

ಈಗ ಅದೇ 1686ರ ಫೆಬ್ರವರಿ. ಲೈಬ್ನಿಟ್ಸ್ ಜರ್ಮನಿಯ ಹಾರ್ಟ್ಸ್ ಬೆಟ್ಟಗಳಲ್ಲಿ ಗಣಿಗಳ ನೀರೆತ್ತುವ ಗಾಳಿಯಂತ್ರಗಳ ಕೆಲಸದಲ್ಲಿ ತೊಡಗಿದ್ದ ಕಾಲ. ಕೆಲವು ದಿನ ಮಾಡಲು ಕೆಲಸವಿಲ್ಲದ ಕಡೆ ಇದ್ದೆ, ಆಗ ಒಂದು ಪುಟ್ಟ ಪ್ರಬಂಧ ಬರೆದೆ ಅಂತ ಒಬ್ಬ ಸಂಸ್ಥಾನಾಧೀಶನಿಗೆ ತಿಳಿಸುತ್ತಾನೆ. ಆ ಪ್ರಬಂಧದ ಎರಡನೆಯ ತುಣುಕಿನಲ್ಲಿ ಡೆಕಾರ್ಟ್‌ನ ದಾರಿಗೆ ಅವನು ಕೊಟ್ಟ ಏಟು ನನಗೆ ಈ ಇಡೀ ಚರ್ಚೆಯಲ್ಲೇ ಅತಿ ಸ್ಪಷ್ಟವಾದದ್ದು ಅನ್ನಿಸುತ್ತದೆ. ಬೈಬಲ್ಲಿನ ಮೊದಲ ಅಧ್ಯಾಯ ಎಲ್ಲರಿಗೂ ಗೊತ್ತು. ದೇವರು ಬೆಳಕು ಮಾಡಿದ, ನೆಲ ಮಾಡಿದ, ಗಿಡಮರ ಮಾಡಿದ, ಮಾಡಿದ ಮೇಲೆ ನೋಡಿದ, ಒಳ್ಳೆಯದಾಗಿದೆ ಅಂತ ಕಂಡ. ಲೈಬ್ನಿಟ್ಸ್ ಹಿಡಿದದ್ದು ಆ 'ನೋಡಿದ' ಅನ್ನುವುದನ್ನು. ದೇವರು ಮಾಡಿದ ಅನ್ನುವ ಒಂದೇ ಕಾರಣಕ್ಕೆ ಒಂದು ವಸ್ತು ಒಳ್ಳೆಯದಾಗುವುದಾದರೆ, ಮಾಡಿದ ಮೇಲೆ ನೋಡುವ ಅಗತ್ಯವೇನಿತ್ತು? ಮಾಡಿದವನು ತಾನೇ ಅಂತ ನೆನೆಸಿಕೊಂಡರೆ ಸಾಕಿತ್ತಲ್ಲ? ಅವನು ನೋಡಿದ ಅಂದರೆ ಆ ಕೆಲಸದ ಒಳಗೇ ನೋಡುವಂಥ ಒಳ್ಳೆಯತನ ಇತ್ತು ಅಂತ ಅರ್ಥ.

ಅದರ ಹಿಂದೆಯೇ ಇನ್ನೊಂದು ಪ್ರಶ್ನೆ ಹಾಕುತ್ತಾನೆ. ಇದಕ್ಕೆ ಪೂರ್ತಿ ವಿರುದ್ಧವಾದದ್ದನ್ನು ಮಾಡಿದ್ದರೂ ದೇವರು ಇಷ್ಟೇ ಸ್ತುತಿಗೆ ಅರ್ಹ ಅನ್ನುವುದಾದರೆ, ಮಾಡಿದ್ದಕ್ಕೆ ಅವನನ್ನು ಯಾಕೆ ಸ್ತುತಿಸಬೇಕು? ಬಲ ಒಂದೇ ಉಳಿದರೆ ನ್ಯಾಯ ಎಲ್ಲಿ? ಏನು ಮಾಡಿದರೂ ಸರಿ ಅನ್ನಿಸಿಕೊಳ್ಳುವವನು ನಿರಂಕುಶ ದೊರೆ, ಅಷ್ಟೇ. ಭಯದಿಂದ ಅವನಿಗೆ ತಲೆಬಾಗಬಹುದು, ಪ್ರೀತಿಸಲು ಆಗುವುದಿಲ್ಲ.

ಇದೇ ಮಾತನ್ನು ಲೈಬ್ನಿಟ್ಸ್‌ಗಿಂತ ಮೊದಲೇ ಒಬ್ಬ ಹೆಂಗಸು ಬರೆದಿಟ್ಟಿದ್ದಳು. ಇಂಗ್ಲೆಂಡಿನ ಆನ್ ಕಾನ್ವೇ. ಆ ಕಾಲದಲ್ಲಿ ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿತ್ತು. ಕೇಂಬ್ರಿಡ್ಜ್‌ನ ಹೆನ್ರಿ ಮೋರ್ ಜೊತೆ ಪತ್ರ ಬರೆದು ಬರೆದೇ ಅವಳು ತತ್ವಶಾಸ್ತ್ರ ಕಲಿತಳು. ಬದುಕಿಡೀ ಭಯಂಕರ ತಲೆನೋವು ಅವಳನ್ನು ಕಾಡಿತು. 1679ರಲ್ಲಿ ತೀರಿಕೊಂಡಳು. ಅವಳ ಟಿಪ್ಪಣಿ ಪುಸ್ತಕ 1690ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಲ್ಯಾಟಿನ್‌ನಲ್ಲಿ ಅಚ್ಚಾಯಿತು, ಅವಳ ಹೆಸರಿಲ್ಲದೆ. ಅದರಲ್ಲಿ ಅವಳು ಹೇಳುತ್ತಾಳೆ: ಯಾವುದಾದರೂ ಸರಿ ಅನ್ನುವಂಥ ಇಚ್ಛೆ ದೇವರಲ್ಲಿ ಇರಲು ಸಾಧ್ಯವೇ ಇಲ್ಲ, ಅದು ಕ್ರೂರ ರಾಜರ ಗುಣ, ಯಾಕೆ ಹೀಗೆ ಮಾಡಿದೆ ಅಂತ ಕೇಳಿದರೆ ನನ್ನಿಷ್ಟ ಅನ್ನುವುದು ಬಿಟ್ಟು ಅವರ ಹತ್ತಿರ ಉತ್ತರ ಇರುವುದಿಲ್ಲ. ದೇವರು ಒಳ್ಳೆಯವನು, ಅದಕ್ಕೇ ಅವನು ಸೃಷ್ಟಿಸದೆ ಇರಲಾರ, ಹಾಗಂತ ಯಾರೂ ಅವನನ್ನು ಬಲವಂತ ಮಾಡಿಲ್ಲ, ಅವನ ಸ್ವಭಾವವೇ ಹಾಗೆ ಅನ್ನುವುದು ಅವಳ ನಿಲುವು. ಅಷ್ಟು ನೋವು ತಿಂದವಳು ದೇವರ ಒಳ್ಳೆಯತನವನ್ನೇ ಅಡಿಗಲ್ಲು ಮಾಡಿಕೊಂಡಳು. ಈ ಚರ್ಚೆಯ ಬಗ್ಗೆ ಬರೆಯುವವರು ಅವಳನ್ನು ಬಿಟ್ಟುಬಿಡುವುದೇ ಜಾಸ್ತಿ, ಅದು ನನಗೆ ಬೇಸರದ ವಿಷಯ.

ಹಾಗಾದರೆ ಅರಿವೇ ಮೊದಲು ಅಂದುಬಿಟ್ಟರೆ ಎಲ್ಲ ಸಲೀಸಾ? ಇಲ್ಲ. 1677ರಲ್ಲಿ, ತತ್ವಜ್ಞಾನಿ ಸ್ಪಿನೋಜಾ ಸತ್ತ ಮೇಲೆ, ಅವನ ಮುಖ್ಯ ಕೃತಿ ಹೊರಬಂತು. ಅವನು ಕ್ರೈಸ್ತನಲ್ಲ. 1656ರಲ್ಲೇ ಆಮ್‌ಸ್ಟರ್‌ಡ್ಯಾಮ್‌ನ ಯಹೂದಿ ಸಮುದಾಯ ಅವನನ್ನು ಹೊರಹಾಕಿತ್ತು. ಆದರೆ ಕ್ರೈಸ್ತ ಚಿಂತಕರೆಲ್ಲ ಒಳಗೊಳಗೇ ಅವನಿಗೆ ಹೆದರುತ್ತಿದ್ದರು. ಸ್ಪಿನೋಜಾನ ದೇವರು ಆರಿಸುವವನೇ ಅಲ್ಲ. ತ್ರಿಕೋನದ ಸ್ವಭಾವದಿಂದ ಅದರ ಮೂರು ಕೋನಗಳ ಮೊತ್ತ ಎಷ್ಟು ಅಂತ ಹೇಗೆ ತಾನಾಗಿ ಬರುತ್ತದೋ ಹಾಗೆ ದೇವರ ಸ್ವಭಾವದಿಂದ ಎಲ್ಲವೂ ಬರುತ್ತದೆ, ಬೇರೆ ರೀತಿ ಆಗಲು ಸಾಧ್ಯವೇ ಇರಲಿಲ್ಲ. ಅವನದೊಂದು ಮಾತು ಇಲ್ಲಿ ಮುಖ್ಯ. ಎಲ್ಲವೂ ದೇವರ ಇಷ್ಟ ಅನ್ನುವವರು ತಪ್ಪು ನಿಜ, ಆದರೆ ದೇವರು ಒಳ್ಳೆಯದನ್ನು ನೋಡಿ ಮಾಡುತ್ತಾನೆ ಅನ್ನುವವರು ಅವರಿಗಿಂತ ಸತ್ಯದಿಂದ ದೂರ. ಯಾಕೆಂದರೆ ಎರಡನೆಯವರು ದೇವರ ಹೊರಗೆ ಒಂದು ಮಾದರಿ ಇಟ್ಟು, ಅವನು ಅದನ್ನು ನೋಡಿಕೊಂಡು ಕೆಲಸ ಮಾಡುತ್ತಾನೆ ಅನ್ನುತ್ತಿದ್ದಾರೆ. ಡೆಕಾರ್ಟ್ ಹೇಳಿದ ವಿಧಿಯ ಭಯವೇ ಇದು, ಬೇರೆ ಬಾಯಿಂದ.

ಹಾಗಾಗಿ ಲೈಬ್ನಿಟ್ಸ್‌ನಂಥವರ ಕೆಲಸ ಎರಡು ಪಟ್ಟು ಕಷ್ಟವಾಯಿತು. ದೇವರಿಗೆ ಕಾರಣಗಳಿವೆ ಅನ್ನಬೇಕು, ಆದರೆ ಕಾರಣಗಳು ಅವನನ್ನು ಕಟ್ಟಿಹಾಕಿವೆ ಅನ್ನುವಂತಿಲ್ಲ. ಆರಿಸುತ್ತಾನೆ ಅನ್ನಬೇಕು, ಆದರೆ ಕುರುಡಾಗಿ ಆರಿಸುತ್ತಾನೆ ಅನ್ನುವಂತಿಲ್ಲ.

ಲೈಬ್ನಿಟ್ಸ್ ಹತ್ತಿರ ಹೋಗುವ ಮೊದಲು ನಿಕೊಲಾ ಮಾಲ್‌ಬ್ರಾಂಶ್‌ನನ್ನು ಭೇಟಿಯಾಗಬೇಕು. ಪ್ಯಾರಿಸ್‌ನ ಪಾದ್ರಿ. ಹುಟ್ಟಿದ್ದು 1638ರಲ್ಲಿ, ಹುಟ್ಟಿನಿಂದಲೇ ಬೆನ್ನುಮೂಳೆ ಡೊಂಕು, ಆರೋಗ್ಯ ಸದಾ ನಾಜೂಕು. 1664ರಲ್ಲಿ ಡೆಕಾರ್ಟ್‌ನ ಒಂದು ಪುಸ್ತಕ ಕೈಗೆ ಸಿಕ್ಕಿದಾಗ ಎದೆ ಎಷ್ಟು ಜೋರಾಗಿ ಬಡಿದುಕೊಂಡಿತೆಂದರೆ ಓದುವುದನ್ನು ಆಗಾಗ ನಿಲ್ಲಿಸಬೇಕಾಯಿತಂತೆ. ಅವನ ಅಕ್ಕರೆ ಡೆಕಾರ್ಟ್ ಮೇಲೆ. ಆದರೆ ಶಾಶ್ವತ ಸತ್ಯಗಳ ವಿಷಯದಲ್ಲಿ ಮಾತ್ರ ಅವನು ಡೆಕಾರ್ಟ್‌ನ ಕೈಬಿಟ್ಟ. ದೇವರೂ ವಿವೇಕಕ್ಕೆ ಒಳಪಟ್ಟವನು, ಆ ವಿವೇಕ ಅವನದೇ ಅಂದ.

ಅವನ ಬಗ್ಗೆ ಮೊದಲು ತಿಳಿಯಬೇಕಾದದ್ದು ದೇವರೊಬ್ಬನೇ ನಿಜವಾದ ಕಾರಣ ಅನ್ನುವ ಅವನ ವಾದ. ಅವನ ಅಪ್ಪಣೆಯಿಲ್ಲದೆ ಹುಲ್ಲುಕಡ್ಡಿಯೂ ಅಲುಗಾಡದು ಅಂತ ನಮ್ಮಲ್ಲಿ ಹೇಳುತ್ತೇವಲ್ಲ, ಮಾಲ್‌ಬ್ರಾಂಶ್ ಅಂಥ ಮಾತನ್ನು ಪೂರ್ತಿ ಅರ್ಥದಲ್ಲೇ ಹಿಡಿದ. ಅವನ ತರ್ಕ ಡೆಕಾರ್ಟ್‌ನಿಂದಲೇ ಹೊರಟದ್ದು. ನಾನು ಒಂದು ಕ್ಷಣದ ಹಿಂದೆ ಇದ್ದೆ ಅನ್ನುವುದರಿಂದ ಈಗಲೂ ಇರಬೇಕು ಅಂತ ಆಗುವುದಿಲ್ಲ, ಯಾವುದೋ ಶಕ್ತಿ ಈ ಕ್ಷಣವೂ ನನ್ನನ್ನು ಹೊಸದಾಗಿ ಸೃಷ್ಟಿಸಬೇಕು, ಉಳಿಸುವುದೂ ಸೃಷ್ಟಿಸುವುದೂ ಒಂದೇ ಕೆಲಸ ಅಂತ ಡೆಕಾರ್ಟ್ ಹೇಳಿದ್ದ. ಸೃಷ್ಟಿ ಅಂದರೆ ಎಂದೋ ಒಂದು ದಿನ ಮುಗಿದ ಕೆಲಸವಲ್ಲ, ಈಗಲೂ ನಡೆಯುತ್ತಿದೆ. ಮಾಲ್‌ಬ್ರಾಂಶ್ 1688ರ ಒಂದು ಸಂವಾದದಲ್ಲಿ ಇದನ್ನು ಒಂದು ಕುರ್ಚಿಗೆ ಹಚ್ಚುತ್ತಾನೆ. ದೇವರು ಈ ಕುರ್ಚಿ ಇರಲಿ ಅಂತ ಬಯಸಬೇಕಾದರೆ ಎಲ್ಲಿ ಇರಲಿ ಅಂತಲೂ ಬಯಸಲೇಬೇಕು. ಎಲ್ಲೂ ಇಲ್ಲದ ಕುರ್ಚಿ ಅಂತ ಒಂದಿಲ್ಲವಲ್ಲ? ಇಲ್ಲಿ ಇರಲಿ ಅಂತ ದೇವರು ಈ ಕ್ಷಣ ಬಯಸಿದ್ದಾನೆ ಅಂದಮೇಲೆ ಅದನ್ನು ಅಲ್ಲಿಗೆ ಸರಿಸುವ ತಾಕತ್ತು ಯಾರಿಗಿದೆ? ನಾನು ತಳ್ಳಿದೆ, ಕುರ್ಚಿ ಸರಿಯಿತು ಅನ್ನುವಾಗ ನಿಜಕ್ಕೂ ಸರಿಸಿದವನು ದೇವರು. ನನ್ನ ತಳ್ಳುವಿಕೆ ಒಂದು ನೆಪ, ಒಂದು ಸಂದರ್ಭ.

ಹೀಗಂದ ಕೂಡಲೇ ಕಷ್ಟ ಎದುರಾಗುತ್ತದೆ. ಎಲ್ಲವನ್ನೂ ದೇವರೇ ಮಾಡುವುದಾದರೆ ಬರಗಾಲವನ್ನೂ, ಹುಟ್ಟಿನಿಂದ ಬರುವ ಊನವನ್ನೂ ಅವನೇ ಮಾಡಿದ ಹಾಗಾಯಿತು. 1680ರ ತನ್ನ ಕೃತಿಯಲ್ಲಿ ಮಾಲ್‌ಬ್ರಾಂಶ್ ಕೊಟ್ಟ ಉತ್ತರ ಧೈರ್ಯದ್ದು. ದೇವರು ಇದಕ್ಕಿಂತ ಒಳ್ಳೆಯ ಜಗತ್ತನ್ನು ಖಂಡಿತ ಮಾಡಬಹುದಿತ್ತು ಅಂತ ಬರೆಯುತ್ತಾನೆ. ಉದಾಹರಣೆಗೆ, ಮಳೆ ಬೇಡದ ಸಮುದ್ರಕ್ಕೆ ಸುರಿಯುವ ಬದಲು ಉತ್ತ ಹೊಲಗಳಿಗೇ ಸರಿಯಾಗಿ ಬೀಳುವ ಹಾಗೆ ಮಾಡಬಹುದಿತ್ತು. ಆದರೆ ಅದಕ್ಕೆ ಪ್ರತಿ ಹೊಲಕ್ಕೂ, ಪ್ರತಿ ಮೋಡಕ್ಕೂ ಬೇರೆ ಬೇರೆ ಇಚ್ಛೆ ಬೇಕಾಗುತ್ತಿತ್ತು, ನಿಯಮಗಳನ್ನು ಹೆಜ್ಜೆ ಹೆಜ್ಜೆಗೂ ಮುರಿಯಬೇಕಾಗುತ್ತಿತ್ತು. ವಿವೇಕಿ ಹಾಗೆ ಕೆಲಸ ಮಾಡುವುದಿಲ್ಲ. ಕೆಲವೇ ಸರಳ ನಿಯಮಗಳನ್ನು ಇಟ್ಟು, ಅವು ಎಲ್ಲ ಕಡೆ ಒಂದೇ ರೀತಿ ನಡೆಯಲು ಬಿಡುತ್ತಾನೆ. ಕೆಲಸದ ಫಲ ಎಷ್ಟು ಚೆನ್ನಾಗಿದೆ ಅನ್ನುವುದರ ಜೊತೆಗೆ ಕೆಲಸ ಮಾಡುವ ಬಗೆ ಎಷ್ಟು ಘನವಾದದ್ದು ಅನ್ನುವುದೂ ದೇವರಿಗೆ ಮುಖ್ಯ. ಮಳೆ ಸಮುದ್ರಕ್ಕೆ ಬೀಳಲಿ ಅಂತ ದೇವರು ಬಯಸಲಿಲ್ಲ, ಮಳೆಯ ನಿಯಮ ಬಯಸಿದ. ಮಗು ಊನವಾಗಿ ಹುಟ್ಟಲಿ ಅಂತ ಬಯಸಲಿಲ್ಲ, ಮಕ್ಕಳು ಹುಟ್ಟುವ ನಿಯಮ ಬಯಸಿದ. ಬರೆದವನ ಡೊಂಕು ಬೆನ್ನನ್ನು ನೆನೆದು ಇದನ್ನು ಓದಿದರೆ ಬೇರೆಯದೇ ತೂಕ ಬರುತ್ತದೆ. ಅವನು ತನ್ನ ದೇಹವನ್ನು ಶಿಕ್ಷೆ ಅಂತ ನೋಡಬೇಕಾಗಿರಲಿಲ್ಲ.

ಈ ಪುಸ್ತಕ ಎಬ್ಬಿಸಿದ ಗಲಾಟೆ ಸಣ್ಣದಲ್ಲ. ಆಂಟ್ವಾನ್ ಆರ್ನೋ, ಆ ಕಾಲದ ಫ್ರಾನ್ಸಿನ ಅತಿ ಕಟು ವಿಮರ್ಶಕ, 1683ರಿಂದ ಪುಸ್ತಕದ ಮೇಲೆ ಪುಸ್ತಕ ಬರೆದು ಇವನ ಮೇಲೆ ಬಿದ್ದ. 1690ರಲ್ಲಿ ರೋಮ್ ಇದನ್ನು ನಿಷೇಧಿತ ಪುಸ್ತಕಗಳ ಪಟ್ಟಿಗೆ ಸೇರಿಸಿತು. ಆರ್ನೋನ ಸಂಕಟ ನನಗೆ ಅರ್ಥವಾಗುತ್ತದೆ. ದೇವರು ನಿಯಮಗಳನ್ನು ಮಾತ್ರ ಬಯಸುತ್ತಾನೆ ಅಂದರೆ, ಕಾಯಿಲೆ ಬಿದ್ದ ಮಗನಿಗಾಗಿ ಪ್ರಾರ್ಥಿಸುವ ತಾಯಿಗೆ ಏನು ಹೇಳುವುದು? ಆ ಮಗನನ್ನು ದೇವರು ಅವನ ಹೆಸರು ಹಿಡಿದು ಬಲ್ಲನಾ, ಅಥವಾ ಅವನು ಒಂದು ನಿಯಮದ ಕೊನೆಯಲ್ಲಿ ಬಂದ ಫಲ ಅಷ್ಟೇನಾ? ನಿಯಮಗಳಿಗೆ ತಕ್ಕ ಹಾಗೆ ನಡೆಯುವುದು ಒಂದು, ನಿಯಮವನ್ನು ಬಿಟ್ಟು ಬೇರೇನನ್ನೂ ಬಯಸದೇ ಇರುವುದು ಇನ್ನೊಂದು, ನೀನು ಇವೆರಡನ್ನೂ ಕಲೆಸಿಬಿಟ್ಟಿದ್ದೀಯ ಅನ್ನುವುದು ಆರ್ನೋನ ವಾದದ ತಿರುಳು. ಗಟ್ಟಿ ವಾದ. ಆದರೂ ಈ ಜಗತ್ತು ಇನ್ನೂ ಚೆನ್ನಾಗಿರಬಹುದಿತ್ತು ಅಂತ ಒಬ್ಬ ಪಾದ್ರಿ ಬಾಯಿಬಿಟ್ಟು ಒಪ್ಪಿಕೊಂಡದ್ದು ನನಗೆ ದೊಡ್ಡದಾಗಿ ಕಾಣುತ್ತದೆ. ನೊಂದವರ ಮುಂದೆ ನಿಂತು ಹೇಳಬಹುದಾದ ಮಾತು ಅದು.

ಲೈಬ್ನಿಟ್ಸ್ ಅದನ್ನು ಒಪ್ಪಲಿಲ್ಲ. ಸರಳ ನಿಯಮಗಳ ವಿಚಾರ ಅವನಿಗೂ ಇಷ್ಟ. ಆದರೆ ಮಾಡುವ ಬಗೆಯನ್ನೂ ಫಲವನ್ನೂ ಒಂದೇ ಲೆಕ್ಕಕ್ಕೆ ಸೇರಿಸಿ ನೋಡಿ, ಆಗ ಇದಕ್ಕಿಂತ ಒಳ್ಳೆಯ ಜಗತ್ತು ಇರಲು ಸಾಧ್ಯವೇ ಇರಲಿಲ್ಲ ಅಂದ. ಈ ಮಾತು ಪೂರ್ತಿ ಬೆಳೆದದ್ದು ಬರ್ಲಿನ್‌ನಲ್ಲಿ. ಅಲ್ಲಿ ಪ್ರಷ್ಯಾದ ರಾಣಿ ಸೋಫಿ ಶಾರ್ಲೊಟ್ ಅವನ ಜೊತೆ ಫ್ರೆಂಚ್ ಚಿಂತಕ ಪಿಯರ್ ಬೇಲ್‌ನ ವಿಶ್ವಕೋಶದಂಥ ನಿಘಂಟನ್ನು ಓದುತ್ತಾ ಚರ್ಚೆ ಮಾಡುತ್ತಿದ್ದಳು. 1697ರ ಆ ನಿಘಂಟಿನಲ್ಲಿ ಬೇಲ್, ಕೇಡು ಯಾಕಿದೆ ಅನ್ನುವ ಪ್ರಶ್ನೆಗೆ ಬುದ್ಧಿಯಿಂದ ಉತ್ತರ ಇಲ್ಲ, ನಂಬಿಕೆಯೊಂದೇ ಗತಿ ಎಂದು ವಾದಿಸಿದ್ದ. ರಾಣಿ 1705ರಲ್ಲಿ ತೀರಿಕೊಂಡಳು. ಆ ಮಾತುಕತೆಗಳೇ ಬೆಳೆದು 1710ರಲ್ಲಿ 'ಥಿಯೋಡಿಸಿ' ಅನ್ನುವ ಪುಸ್ತಕವಾಯಿತು.

ಅವನ ವಾದ ಹೀಗೆ ಸಾಗುತ್ತದೆ. ದೇವರ ಅರಿವಿನಲ್ಲಿ ಆಗಬಹುದಾದ ಜಗತ್ತುಗಳು ಲೆಕ್ಕವಿಲ್ಲದಷ್ಟು ಇವೆ. ಯಾವ ಜಗತ್ತಿನಲ್ಲಿ ಏನೇನಿದೆ ಅನ್ನುವುದನ್ನು ದೇವರು ತೀರ್ಮಾನಿಸಿಲ್ಲ, ಅದು ಗಣಿತದ ಹಾಗೆ ಅವನ ಅರಿವಿನಲ್ಲಿ ಇರುವಂಥದ್ದು. ಅವನ ಇಚ್ಛೆಯ ಪಾಲಿಗೆ ಬಂದದ್ದು ಅವುಗಳಲ್ಲಿ ಯಾವುದು ನಿಜವಾಗಲಿ ಅನ್ನುವ ಆಯ್ಕೆ ಮಾತ್ರ. ಆರಿಸಲು ಕಾರಣ ಬೇಕು. ಎಲ್ಲಕ್ಕಿಂತ ಒಳ್ಳೆಯದು ಅಂತ ಒಂದು ಇಲ್ಲದೇ ಹೋಗಿದ್ದರೆ ದೇವರು ಯಾವುದನ್ನೂ ಸೃಷ್ಟಿಸುತ್ತಲೇ ಇರಲಿಲ್ಲ. ಸೃಷ್ಟಿಸಿದ್ದಾನೆ, ಅಂದರೆ ಇದೇ ಅದು. ಸ್ಪಿನೋಜಾನಿಗೆ ಅವನ ಉತ್ತರವೂ ಇಲ್ಲೇ ಇದೆ. ಬೇರೆ ಜಗತ್ತುಗಳು ಒಳಗೊಳಗೇ ವಿರೋಧವಿಲ್ಲದವು, ಆಗಬಹುದಾಗಿದ್ದವು, ಹಾಗಾಗಿ ಆಯ್ಕೆ ನಿಜವಾದ ಆಯ್ಕೆಯೇ.

ಪುಸ್ತಕದ ಕೊನೆಯಲ್ಲಿ ಒಂದು ಕಥೆ ಬರುತ್ತದೆ. ರೋಮಿನ ರಾಜಕುಮಾರ ಸೆಕ್ಸ್‌ಟಸ್ ಲುಕ್ರೀಷಿಯಾ ಎಂಬ ಹೆಣ್ಣಿನ ಮೇಲೆ ಅತ್ಯಾಚಾರ ಮಾಡಿದವನು. ಅವನನ್ನು ಯಾಕೆ ಹಾಗೆ ಬಿಟ್ಟೆ ಅಂತ ಥಿಯೊಡೋರಸ್ ಎಂಬ ಪೂಜಾರಿ ದೇವರನ್ನು ಕೇಳುತ್ತಾನೆ. ಅಥೆನ್ಸಿನ ಗುಡಿಯಲ್ಲಿ ಮಲಗಿದಾಗ ಕನಸಿನಲ್ಲಿ ದೇವಿ ಅವನನ್ನು ಒಂದು ಅರಮನೆಗೆ ಕರೆದೊಯ್ಯುತ್ತಾಳೆ. ಒಂದೊಂದು ಕೋಣೆಯೂ ಆಗಬಹುದಾಗಿದ್ದ ಒಂದೊಂದು ಜಗತ್ತು. ಒಂದು ಕೋಣೆಯಲ್ಲಿ ಸೆಕ್ಸ್‌ಟಸ್ ಕೊರಿಂತ್‌ನಂಥ ಒಂದು ಊರಿಗೆ ಹೋಗಿ ತೋಟ ಕೊಂಡು, ಅದರಲ್ಲಿ ನಿಧಿ ಸಿಕ್ಕಿ, ಎಲ್ಲರ ಪ್ರೀತಿ ಗಳಿಸಿ ಬದುಕುತ್ತಾನೆ. ಇನ್ನೊಂದರಲ್ಲಿ ಥ್ರೇಸಿನ ರಾಜನ ಅಳಿಯನಾಗುತ್ತಾನೆ. ಕೋಣೆಗಳು ಸೇರಿ ಒಂದು ಪಿರಮಿಡ್ ಆಗಿವೆ. ಕೆಳಗೆ ಹೋದಷ್ಟೂ ಅಗಲ, ತಳವೇ ಇಲ್ಲ, ಯಾಕೆಂದರೆ ಇದಕ್ಕಿಂತ ಕೆಟ್ಟ ಜಗತ್ತು ಯಾವಾಗಲೂ ಇನ್ನೊಂದು ಇರುತ್ತದೆ. ಆದರೆ ತುದಿ ಇದೆ. ಆ ತುದಿಯ ಕೋಣೆಯ ಚೆಲುವು ನೋಡಿ ಥಿಯೊಡೋರಸ್‌ಗೆ ಎಚ್ಚರ ತಪ್ಪುತ್ತದೆ. ಅದೇ ನಮ್ಮ ಜಗತ್ತು, ಅಲ್ಲಿ ಸೆಕ್ಸ್‌ಟಸ್ ಆ ಅಪರಾಧ ಮಾಡುತ್ತಾನೆ, ಅದರಿಂದಲೇ ರೋಮ್ ರಾಜರಿಂದ ಬಿಡುಗಡೆಯಾಗಿ ದೊಡ್ಡದಾಗಿ ಬೆಳೆಯುತ್ತದೆ.

ಕಲ್ಪನೆ ಅದ್ಭುತ. ಆದರೆ ಅರಮನೆಯ ಕೋಣೆಗಳನ್ನೆಲ್ಲ ಸುತ್ತಿದ ಪೂಜಾರಿ ಸೆಕ್ಸ್‌ಟಸ್ ಏನಾದ ಅಂತಲೇ ನೋಡುತ್ತಾನೆ. ಲುಕ್ರೀಷಿಯಾ ಯಾವ ಕೋಣೆಯಲ್ಲಿ ನೆಮ್ಮದಿಯಾಗಿದ್ದಳು ಅಂತ ಒಮ್ಮೆಯೂ ಕೇಳುವುದಿಲ್ಲ. ಈ ವಾದದ ನಿಜವಾದ ದೌರ್ಬಲ್ಯ ಇದೇ ಅಂತ ನನ್ನ ಅಭಿಪ್ರಾಯ. ಒಟ್ಟು ಲೆಕ್ಕ ಸರಿ ಇರಬಹುದು, ಆದರೆ ಬೆಲೆ ತೆತ್ತವಳಿಗೆ ಒಟ್ಟು ಲೆಕ್ಕದಿಂದ ಏನಾಗಬೇಕು? ಜನ ಸಾಮಾನ್ಯವಾಗಿ ಲೈಬ್ನಿಟ್ಸ್‌ನನ್ನು ಟೀಕಿಸುವುದು ಬೇರೆ ಕಾರಣಕ್ಕೆ. 1755ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ಬೆಳಗ್ಗೆ, ಜನ ಚರ್ಚುಗಳಲ್ಲಿ ಇದ್ದಾಗಲೇ ಲಿಸ್ಬನ್ನಿನಲ್ಲಿ ಭೂಕಂಪವಾಯಿತು. ನಾಲ್ಕು ವರ್ಷದ ಮೇಲೆ ಫ್ರೆಂಚ್ ಲೇಖಕ ವಾಲ್ಟೇರ್ ತನ್ನ ಕಾದಂಬರಿಯಲ್ಲಿ ಎಲ್ಲ ಒಳ್ಳೆಯದಕ್ಕೇ ಅನ್ನುವ ಪಂಡಿತನನ್ನು ನಗೆಪಾಟಲು ಮಾಡಿದ. ಆದರೆ ಲೈಬ್ನಿಟ್ಸ್ ಎಲ್ಲವೂ ಚೆನ್ನಾಗಿದೆ ಅಂತ ಹೇಳಿದವನಲ್ಲ. ಕೇಡು ಕೇಡೇ ಅಂತ ಒಪ್ಪಿ, ಆದರೂ ದೇವರ ಆಯ್ಕೆಗೆ ಕಾರಣ ಇದೆ ಅಂದವನು. ಅವನ ಹತ್ತಿರ ಕೇಳಬೇಕಾದದ್ದು ಲುಕ್ರೀಷಿಯಾಳ ಪ್ರಶ್ನೆ.

ಕೊನೆಯ ಸುತ್ತು 1715ರ ನವೆಂಬರ್‌ನಲ್ಲಿ ಶುರುವಾಯಿತು. ಲೈಬ್ನಿಟ್ಸ್‌ಗೆ ಹಳೆಯ ಪರಿಚಯದ ಕ್ಯಾರೊಲಿನ್ ಈಗ ಬ್ರಿಟನ್ನಿನ ಯುವರಾಜನ ಹೆಂಡತಿಯಾಗಿ ಲಂಡನ್ನಿನಲ್ಲಿದ್ದಳು. ಅವಳಿಗೆ ಬರೆದ ಪತ್ರದಲ್ಲಿ ಲೈಬ್ನಿಟ್ಸ್, ನ್ಯೂಟನ್ ಮತ್ತು ಅವನ ಕಡೆಯವರಿಗೆ ದೇವರ ಕೆಲಸದ ಬಗ್ಗೆ ವಿಚಿತ್ರ ಅಭಿಪ್ರಾಯ ಇದೆ, ಅವರ ದೇವರು ತನ್ನ ಗಡಿಯಾರಕ್ಕೆ ಆಗಾಗ ಕೀಲಿ ಕೊಡಬೇಕು, ಇಲ್ಲದಿದ್ದರೆ ಅದು ನಿಂತುಹೋಗುತ್ತದೆ ಅಂತ ಕುಟುಕಿದ. ಸುಳ್ಳು ಆರೋಪವೇನಲ್ಲ. ಗ್ರಹಗಳು, ಧೂಮಕೇತುಗಳು ಒಂದನ್ನೊಂದು ಎಳೆಯುವುದರಿಂದ ಸಣ್ಣ ಏರುಪೇರುಗಳು ಕೂಡುತ್ತಾ ಹೋಗಿ ಒಂದು ದಿನ ಇಡೀ ವ್ಯವಸ್ಥೆಯನ್ನು ಸರಿಪಡಿಸಬೇಕಾಗುತ್ತದೆ ಅಂತ ನ್ಯೂಟನ್ ನಿಜವಾಗಿಯೂ ಬರೆದಿದ್ದ. ಕ್ಯಾಲ್ಕುಲಸ್ ಮೊದಲು ಕಂಡುಹಿಡಿದದ್ದು ಯಾರು ಅನ್ನುವ ಜಗಳದಿಂದ ಇಬ್ಬರ ನಡುವೆ ಮಾತೇ ಕೆಟ್ಟಿತ್ತು. ನ್ಯೂಟನ್ ಪರವಾಗಿ ಉತ್ತರ ಕೊಟ್ಟವನು ಸ್ಯಾಮ್ಯುಯೆಲ್ ಕ್ಲಾರ್ಕ್, ಲಂಡನ್ನಿನ ಒಂದು ಚರ್ಚಿನ ಪಾದ್ರಿ. ಕ್ಯಾರೊಲಿನ್ ಮೂಲಕ ಪತ್ರಗಳು ಓಡಾಡಿದವು.

ಗಡಿಯಾರ ಮಾಡಿದವನ ಅಗತ್ಯವೇ ಇಲ್ಲದೆ ಓಡುವ ಗಡಿಯಾರ ಮನುಷ್ಯರ ಕೆಲಸದಲ್ಲಿ ಹೆಮ್ಮೆ ಇರಬಹುದು, ದೇವರ ವಿಷಯದಲ್ಲಿ ಅದು ನಾಸ್ತಿಕರಿಗೆ ದಾರಿ ಅಂದ ಕ್ಲಾರ್ಕ್. ಎಲ್ಲವೂ ತಾನಾಗಿ ನಡೆಯುತ್ತದೆ ಅಂದರೆ ದೇವರನ್ನು ಜಗತ್ತಿನಿಂದ ಆಚೆಗೆ ಕಳಿಸಿದ ಹಾಗೆ. ಈ ಒಂದು ವಿಷಯದಲ್ಲಿ ಲೆಕ್ಕ ಆಮೇಲೆ ಲೈಬ್ನಿಟ್ಸ್ ಕಡೆಗೆ ವಾಲಿತು. ಗುರು ಮತ್ತು ಶನಿಯ ಚಲನೆಯಲ್ಲಿನ ದೊಡ್ಡ ಏರುಪೇರು ಸುಮಾರು 900 ವರ್ಷದ ಸುತ್ತಿನಲ್ಲಿ ತಾನಾಗಿಯೇ ಏರಿ ಇಳಿಯುತ್ತದೆ ಅಂತ 1780ರ ದಶಕದಲ್ಲಿ ಫ್ರೆಂಚ್ ಗಣಿತಜ್ಞ ಲಾಪ್ಲಾಸ್ ತೋರಿಸಿದ. ಜೊತೆಗೆ ಕ್ಲಾರ್ಕ್‌ನ ಭಯವೂ ನಿಜವಾಯಿತು. ತಾನಾಗಿ ಓಡುವ ಜಗತ್ತಿಗೆ ದೇವರು ಯಾಕೆ ಅಂತ ಕೇಳುವವರು ಅಷ್ಟರಲ್ಲಿ ಯುರೋಪಿನಲ್ಲಿ ಬೇಕಾದಷ್ಟು ಜನ ಇದ್ದರು.

ಆದರೆ ಪತ್ರಗಳ ನಿಜವಾದ ಜಟಾಪಟಿ ಬೇರೆ ಕಡೆ ಇದೆ. ಕಾರಣವಿಲ್ಲದೆ ಏನೂ ಆಗುವುದಿಲ್ಲ, ದೇವರೂ ಕಾರಣವಿಲ್ಲದೆ ಆರಿಸುವುದಿಲ್ಲ ಅನ್ನುವುದು ಲೈಬ್ನಿಟ್ಸ್‌ನ ತತ್ವ. ಕ್ಲಾರ್ಕ್ ಅದನ್ನು ಒಪ್ಪುತ್ತಲೇ ಒಂದು ಮಾತು ಸೇರಿಸಿದ: ಕೆಲವು ಸಲ ಆ ಕಾರಣ ದೇವರ ಇಚ್ಛೆಯೇ, ಬೇರೇನೂ ಇಲ್ಲ. ಒಂದೇ ಥರದ ಎರಡು ಕಣಗಳಲ್ಲಿ ಇದು ಇಲ್ಲಿ, ಅದು ಅಲ್ಲಿ ಅಂತ ಇಟ್ಟದ್ದಕ್ಕೆ ಇನ್ನೇನು ಕಾರಣ ಇರಲು ಸಾಧ್ಯ? ಲೈಬ್ನಿಟ್ಸ್ ಇದನ್ನೇ ತಿರುಗಿಸಿದ. ನ್ಯೂಟನ್ ಹೇಳುವಂಥ ಖಾಲಿ ಆಕಾಶ (ಸ್ಪೇಸ್), ಒಂದು ಜಾಗಕ್ಕೂ ಇನ್ನೊಂದು ಜಾಗಕ್ಕೂ ಏನೂ ವ್ಯತ್ಯಾಸವಿಲ್ಲದ ಆಕಾಶ, ನಿಜವಾಗಿಯೂ ಇದ್ದಿದ್ದರೆ, ದೇವರು ಇಡೀ ಜಗತ್ತನ್ನು ಪೂರ್ವ ಪಶ್ಚಿಮ ಅದಲುಬದಲು ಮಾಡಿ ಯಾಕೆ ಇಡಲಿಲ್ಲ ಅನ್ನುವುದಕ್ಕೆ ಕಾರಣವೇ ಸಿಗುವುದಿಲ್ಲ, ಒಂದು ವರ್ಷ ಮೊದಲೇ ಯಾಕೆ ಸೃಷ್ಟಿಸಲಿಲ್ಲ ಅನ್ನುವುದಕ್ಕೂ ಸಿಗುವುದಿಲ್ಲ. ಕಾರಣ ಸಿಗದ ಆಯ್ಕೆ ದೇವರಿಗೆ ತಕ್ಕದ್ದಲ್ಲ. ಹಾಗಾಗಿ ಅಂಥ ಆಕಾಶವೇ ಇಲ್ಲ. ವಸ್ತುಗಳ ನಡುವಿನ ಸಂಬಂಧವನ್ನೇ ನಾವು ಆಕಾಶ ಅನ್ನುತ್ತಿದ್ದೇವೆ. ದೇವರ ಗುಣದಿಂದ ಹೊರಟು ಆಕಾಶ ಮತ್ತು ಕಾಲದ ಸ್ವರೂಪಕ್ಕೆ ಬಂದು ನಿಂತ ಈ ವಾದ ಇವತ್ತಿಗೂ ಭೌತಶಾಸ್ತ್ರದ ತತ್ವಚರ್ಚೆಯಲ್ಲಿ ಜೀವಂತವಾಗಿದೆ.

ಒಂದೇ ಥರದ ಎರಡು ಕಣಗಳ ಬಗ್ಗೆಯೂ ಅವನ ಉತ್ತರ ಅಷ್ಟೇ ಖಡಾಖಂಡಿತ. ಪೂರ್ತಿ ಒಂದೇ ಥರದ ಎರಡು ವಸ್ತು ಜಗತ್ತಿನಲ್ಲಿ ಇಲ್ಲವೇ ಇಲ್ಲ. ಹ್ಯಾನೋವರ್ ಬಳಿಯ ಹೆರೆನ್‌ಹೌಸನ್ ಅರಮನೆಯ ತೋಟದಲ್ಲಿ ನಡೆದದ್ದನ್ನು ಅವನೇ ಬರೆಯುತ್ತಾನೆ. ಒಬ್ಬ ಜಾಣ ಗೃಹಸ್ಥ, ಪೂರ್ತಿ ಒಂದೇ ಥರದ ಎರಡು ಎಲೆ ಹುಡುಕಿ ಕೊಡುತ್ತೇನೆ ಅಂದ. ಹುಡುಕಿ ನೋಡಿ ಅಂತ ಅಲ್ಲಿನ ಅರಸಿ ಸೋಫಿ ಸವಾಲು ಹಾಕಿದಳು. ಅವನು ತೋಟವೆಲ್ಲ ಸುತ್ತಿದ, ಸಿಗಲಿಲ್ಲ.

ಕ್ಲಾರ್ಕ್ ಪಟ್ಟು ಬಿಡಲಿಲ್ಲ. ಕಾರಣದ ಭಾರ ಬಿದ್ದ ಕಡೆಗೆ ಮಾತ್ರ ಇಚ್ಛೆ ವಾಲುವುದಾದರೆ, ಅದು ತಕ್ಕಡಿ. ತಕ್ಕಡಿ ಏನನ್ನೂ ಮಾಡುವುದಿಲ್ಲ, ಅದಕ್ಕೆ ಆಗುತ್ತದೆ ಅಷ್ಟೇ. ಎರಡು ಸಮಾನ ದಾರಿಗಳಿದ್ದು, ಯಾವುದಾದರೂ ಒಂದನ್ನು ಹಿಡಿಯುವುದು ಒಳ್ಳೆಯದು ಅಂತ ಇದ್ದಾಗ, ಸುಮ್ಮನೆ ಒಂದನ್ನು ಹಿಡಿದು ಹೊರಡುವ ಶಕ್ತಿಯೂ ಇಲ್ಲದವನನ್ನು ಸ್ವತಂತ್ರ ಅಂತ ಹೇಗೆ ಕರೆಯುವುದು?

1716ರ ನವೆಂಬರ್ 14ರಂದು ಲೈಬ್ನಿಟ್ಸ್ ಹ್ಯಾನೋವರ್‌ನಲ್ಲಿ ತೀರಿಕೊಂಡ. ಕ್ಲಾರ್ಕ್‌ನ ಐದನೆಯ ಪತ್ರಕ್ಕೆ ಅವನ ಉತ್ತರ ಬರಲೇ ಇಲ್ಲ. ಮರುವರ್ಷ ಕ್ಲಾರ್ಕ್ ಹತ್ತೂ ಪತ್ರಗಳನ್ನು ಫ್ರೆಂಚ್ ಮತ್ತು ಇಂಗ್ಲಿಷ್ ಎದುರುಬದುರಾಗಿಟ್ಟು ಅಚ್ಚು ಹಾಕಿಸಿದ.

ನನ್ನ ಮಟ್ಟಿಗೆ, ಬೈಬಲ್ಲಿನ ಮೊದಲ ಅಧ್ಯಾಯದ ವಿಷಯದಲ್ಲಿ ಲೈಬ್ನಿಟ್ಸ್ ಸರಿ, ಎರಡು ಸಮಾನ ದಾರಿಗಳ ವಿಷಯದಲ್ಲಿ ಕ್ಲಾರ್ಕ್ ಸರಿ. ಎರಡನ್ನೂ ಒಟ್ಟಿಗೆ ಹಿಡಿಯಲು ಆಗದು ಅಂತ ಇಬ್ಬರೂ ಅಂದುಕೊಂಡಂತಿದೆ, ನನಗೆ ಹಾಗೆ ಕಾಣುವುದಿಲ್ಲ. ಬೆಳಕು ಒಳ್ಳೆಯದು ಅಂತ ನೋಡಿ ಬೆಳಕು ಮಾಡಿದ ದೇವರು, ಆ ಬೆಳಕಿನ ಮೊದಲ ಕಿರಣ ಯಾವ ದಿಕ್ಕಿಗೆ ಹೊರಡಲಿ ಅನ್ನುವುದಕ್ಕೂ ಒಂದು ಕಾರಣ ಇಟ್ಟುಕೊಂಡಿರಲೇಬೇಕು ಅಂತ ಯಾವ ವಾದವೂ ತೋರಿಸಿಕೊಟ್ಟಿಲ್ಲ.